ಕಾಕುವಿನ ಕಂಪ್ಯೂಟರಿನಲ್ಲಿ ಉಳಿದ ಪದಗಳು

ನಾನು ಅಹಮದಾಬಾದಿನ ಒಂದು ಔಷಧ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಊರು ದಾವಣಗೆರೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ವಸ್ತ್ರಾಪುರದ ಕೆರೆಯಿಂದ ಎರಡು ಬೀದಿ ಆಚೆ ಬಾಡಿಗೆ ಮನೆ. ಡಾಕ್ಟರನ್ನು ಕಂಡ ಕೂಡಲೇ ಜನ ಮೊಣಕಾಲು ನೋವು ಹೇಳಿಕೊಳ್ಳುವ ಹಾಗೆ ನನ್ನನ್ನು ಕಂಡ ಕೂಡಲೇ ಮೊಬೈಲ್ ಚಾಚುತ್ತಾರೆ. ವೈಫೈ ಬರುತ್ತಿಲ್ಲ, ಪ್ರಿಂಟರ್ ಹಾಳೆ ನುಂಗಿ ಕೂತಿದೆ, ಪಾಸ್‌ವರ್ಡ್ ಮರೆತುಹೋಗಿದೆ. ಬಹಳಷ್ಟು ಸಲ ನಾನು ಹೇಳುವುದು ಒಂದೇ ಮಾತು: ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿ. ಯಾವ ವಯರನ್ನೂ ಓಡುತ್ತಿರುವ ಯಂತ್ರದಿಂದ ಕೀಳಬೇಡಿ. ಕೈ ಹಾಕುವ ಮೊದಲು ಕಾಪಿ ಮಾಡಿಕೊಳ್ಳಿ. ಕಾಪಿ ಒಂದು ಕಡೆ ಸಾಲದು, ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಈ ಮಾತುಗಳನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ನನ್ನ ಧ್ವನಿಯಲ್ಲಿ ಸಣ್ಣದೊಂದು ಗತ್ತು ಇರುತ್ತಿತ್ತು ಎಂದು ಹೆಂಡತಿ ಹೇಳುತ್ತಾಳೆ. ಇದ್ದಿರಬೇಕು.

ಕಾಕುವಿನ ಹೆಸರು ಗೊತ್ತಾಗುವ ಮೊದಲೇ ಅವರ ಬರಹ ನನ್ನ ಕೈಗೆ ಬಂದಿತ್ತು. ನಾನು ಗುಜರಾತಿಗೆ ಬಂದ ಹೊಸದರಲ್ಲಿ ಅಂಗಡಿಯವನು ಸಾಮಾನು ಕಟ್ಟುತ್ತ ‘ಮೀಠು?’ ಎಂದು ಕೇಳಿದ. ಸಿಹಿ ಬೇಕೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು ಬೇಡವೆಂದು ತಲೆಯಾಡಿಸಿದೆ. ಮನೆಗೆ ಬಂದು ನೋಡಿದರೆ ಉಪ್ಪಿಲ್ಲ. ಗುಜರಾತಿಯಲ್ಲಿ ಮೀಠು ಅಂದರೆ ಉಪ್ಪು. ಮರುದಿನ ಆಫೀಸಿನಲ್ಲಿ ಈ ಕಥೆ ಕೇಳಿ ನಕ್ಕ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು ಪಿನ್ ಹೊಡೆದ ಹನ್ನೊಂದು ಹಾಳೆಗಳ ಜೆರಾಕ್ಸ್ ತಂದುಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ ‘ಹೊಸದಾಗಿ ಬಂದವರಿಗೆ’ ಎಂದಿತ್ತು. ಎಡಗಡೆ ಕನ್ನಡ ಪದ, ಬಲಗಡೆ ಕನ್ನಡ ಲಿಪಿಯಲ್ಲೇ ಗುಜರಾತಿ ಪದ, ಕೆಳಗೆ ಒಂದೆರಡು ಸಾಲಿನ ಬುದ್ಧಿಮಾತು. ಕರಿಬೇವಿಗೆ ಮೀಠೋ ಲೀಮಡೋ. ನುಗ್ಗೇಕಾಯಿಗೆ ಸರಗವೋ. ‘ಹೊರಡುವಾಗ ಹೋಗುತ್ತೇನೆ ಅನ್ನಬೇಡಿ, ಆವಜೋ ಅನ್ನಿ. ಇವರೂ ನಮ್ಮ ಹಾಗೇ, ಹೋಗುವಾಗ ಬರುವ ಮಾತೇ ಆಡುತ್ತಾರೆ.’

ಅದನ್ನು ಬರೆದವರು ವಡೋದರಾದಲ್ಲಿದ್ದರು. ಗದಗಿನ ಕಡೆಯವರು, ಗಂಡ ರೈಲ್ವೆಯಲ್ಲಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬರುವ ಕನ್ನಡದ ಮನೆಗಳವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಒಂದು ಯುಗಾದಿಯ ಊಟದಲ್ಲಿ ಯಾರೋ ನನ್ನನ್ನು ಅವರ ಮುಂದೆ ನಿಲ್ಲಿಸಿದರು. ಕಾಕು ಮುಖವನ್ನು ಸ್ವಲ್ಪ ಓರೆ ಮಾಡಿ ನನ್ನನ್ನು ನೋಡಿದರು.

“ಕಂಪ್ಯೂಟರ್ ರಿಪೇರಿ ಮಾಡಾವ್ರು ನೀವಽ ಏನು?”

“ರಿಪೇರಿ ಅಂತ ಅಲ್ಲ ಕಾಕು, ನೋಡ್ಕೊಳ್ತೀನಿ.”

“ನೋಡ್ಕೊಳ್ಳಾವ್ರಽ ಬೇಕಾಗಿತ್ತು. ನಂದೊಂದು ಮುದುಕಿ ಐತಿ ಮನ್ಯಾಗ. ಸಾಯೂಕಿನ್ನ ಮೊದಲು ಒಮ್ಮೆ ಬಂದು ನೋಡ್ರಿ.”

ಮುಂದಿನ ಭಾನುವಾರ ಬೆಳಗಿನ ರೈಲು ಹಿಡಿದು ಹೋದೆ. ಮುದುಕಿ ಎಂದರೆ ಅವರ ಕಂಪ್ಯೂಟರು. ಕೈಯಲ್ಲಿ ಹೆಣೆದ ಹೊದಿಕೆಯ ಕೆಳಗೆ ಹಳದಿಗಟ್ಟಿದ ಪೆಟ್ಟಿಗೆ, ಟಿವಿಯಷ್ಟು ಆಳದ ಮಾನಿಟರು. ಅದು ಎದ್ದು ಕೂರಲು ಏಳು ನಿಮಿಷ ತೆಗೆದುಕೊಂಡಿತು. ಒಳಗಿದ್ದದ್ದು ಯಾವತ್ತೋ ಮುಚ್ಚಿಹೋದ ಸಣ್ಣ ಕಂಪನಿಯೊಂದರ ಕನ್ನಡ ಬರೆಯುವ ತಂತ್ರಾಂಶ. ಪೆಟ್ಟಿಗೆಯ ಹಿಂದೆ ಪ್ರಿಂಟರ್ ಸಿಕ್ಕಿಸುವ ಅಗಲ ಕಿಂಡಿಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಪ್ಲಾಸ್ಟಿಕ್ ತುಂಡು ಕೂತಿತ್ತು. ಆಗಿನ ಕಾಲದಲ್ಲಿ ತಂತ್ರಾಂಶವನ್ನು ಯಾರೂ ಕದಿಯಬಾರದೆಂದು ಇಂಥ ತುಂಡು ಕೊಡುತ್ತಿದ್ದರು. ನಾವು ಡಾಂಗಲ್ ಅನ್ನುತ್ತೇವೆ, ಕಾಕು ‘ಕೀಲಿ’ ಅನ್ನುತ್ತಿದ್ದರು. ಅದು ಇದ್ದರೆ ತಂತ್ರಾಂಶ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ತೆರೆದಾಗ ನನಗೆ ಆಶ್ಚರ್ಯವಾಯಿತು. ನಾನು ಕಂಡಿದ್ದ ಹನ್ನೊಂದು ಹಾಳೆ ಬರೀ ಬಾಗಿಲು. ಒಳಗೆ ಮುನ್ನೂರಕ್ಕೂ ಹೆಚ್ಚು ಪುಟಗಳಿದ್ದವು. ಅಡುಗೆಮನೆ, ಸಂತೆ, ಬಸ್ಸು, ಶಾಲೆ, ದರ್ಜಿ, ಸಾವಿನ ಮನೆ. ಎಲ್ಲಕ್ಕಿಂತ ಉದ್ದದ ಭಾಗ ‘ಡಾಕ್ಟರ ಮುಂದೆ’. ಅದೇ ಅವರು ಬರೆಯಲು ಶುರು ಮಾಡಿದ ಕಾರಣವೂ ಆಗಿತ್ತು. ಮದುವೆಯಾಗಿ ಬಂದ ಮೊದಲ ವರ್ಷ ಪಕ್ಕೆಯಲ್ಲಿ ಚಳುಕು ಬಂದು ಒಬ್ಬರೇ ದವಾಖಾನೆಗೆ ಹೋಗಿದ್ದರಂತೆ. ಗಂಡ ಡ್ಯೂಟಿಗೆಂದು ಲೈನಿನ ಮೇಲೆ. ಚಳುಕು ಅನ್ನುವುದನ್ನು ಹೇಳಲು ಬಾಯಲ್ಲಿ ಮಾತಿಲ್ಲ. ಕೈಯಿಂದ ತಿವಿದು ತೋರಿಸಿದರೆ ಡಾಕ್ಟರು ಹೊಟ್ಟೆಯುಬ್ಬರ ಎಂದುಕೊಂಡು ಪುಡಿ ಕೊಟ್ಟು ಕಳಿಸಿದರು.

“ಎಂಟು ದಿನಾ ಒದ್ದಾಡೀನಿ ನೋಡು,” ಎಂದರು ಕಾಕು. ಅಷ್ಟರಲ್ಲಿ ನಾನು ಅವರಿಗೆ ‘ನೀನು’ ಆಗಿದ್ದೆ. “ಬಾಜೂಮನಿ ಬೆನ್ ಬಂದು, ಸಣಕಾ ಅನ್ನಬೇಕು ಅಂತ ಹೇಳಿಕೊಟ್ಲು. ಅವತ್ತಽ ಬರಕೊಂಡೆ. ಆಮ್ಯಾಲೆ ಬಿಡಲಽ ಇಲ್ಲ. ಉರಿಗೆ ಬೇರೆ, ಜೋಮಿಗೆ ಬೇರೆ, ಮೈ ಕೈ ನುಲಿತಕ್ಕ ಬೇರೆ. ಯಾರ್ಯಾರನ್ನೋ ಕೇಳಿ ಕೇಳಿ ಬರದೀನಿ.”

ಅವರ ಪ್ರಿಂಟರು ಕೆಟ್ಟು ಹನ್ನೆರಡು ವರ್ಷವಾಗಿತ್ತು. ಈಗಿನ ಪ್ರಿಂಟರನ್ನು ಆ ಯಂತ್ರ ಗುರುತಿಸುವುದಿಲ್ಲ. ಹೀಗಾಗಿ ಹನ್ನೆರಡು ವರ್ಷದಲ್ಲಿ ಬರೆದದ್ದೆಲ್ಲ ಆ ಪೆಟ್ಟಿಗೆಯೊಳಗೆ ಮಾತ್ರ ಇತ್ತು. ಕಾಕುವಿನ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ನೇರ ನೋಡಿದರೆ ಅಕ್ಷರ ಕಾಣಿಸದು, ತಲೆ ಓರೆ ಮಾಡಿದರೆ ಅಂಚಿನಲ್ಲಿ ಕಾಣಿಸುತ್ತಿತ್ತು. ಅದು ಪೂರ್ತಿ ಹೋಗುವ ಮೊದಲು ಪುಸ್ತಕವನ್ನು ದಪ್ಪ ಅಕ್ಷರದಲ್ಲಿ ಹಾಳೆಯ ಮೇಲೆ ನೋಡಬೇಕು, ಹೊಸದಾಗಿ ಬರುವವರಿಗೆ ಕೊಡಬೇಕು. ಅವರು ಕೇಳಿದ್ದು ಇಷ್ಟೇ.

ಆ ದಿನ ಅವರ ಮಗಳೂ ಅಲ್ಲಿದ್ದರು. ಸೂರತ್‌ನ ಅಡಾಜಣ್‌ನಲ್ಲಿ ಮನೆ, ಅಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ. ಹುಟ್ಟಿ ಬೆಳೆದದ್ದು ವಡೋದರಾದಲ್ಲೇ ಆದ್ದರಿಂದ ಕನ್ನಡ ಅರ್ಥವಾಗುತ್ತಿತ್ತು, ಆಡುವುದು ತುಂಡು ತುಂಡು, ಓದಲು ಬರೆಯಲು ಬಾರದು. ಅವರು ನನ್ನ ಮುಂದೆ ಚಹಾ ಇಡುತ್ತ ಹೇಳಿದರು:

“ಭಾಯ್, ಸ್ಕ್ರೀನ್‌ದು ಫೋಟೋ ತಗೊಂಡ್ರೆ ಸಾಕಲ್ಲ? ಒಂದೊಂದು ಪೇಜ್. ನಾನೇ ಕೂತು ತೆಗೀತೀನಿ, ವೆಕೇಶನ್‌ನಲ್ಲಿ.”

ನಾನು ನಕ್ಕುಬಿಟ್ಟೆ. “ಅಯ್ಯೋ ಮೇಡಂ, ಅದೆಲ್ಲ ಯಾಕೆ? ಇಡೀ ಯಂತ್ರವನ್ನೇ ನನ್ನ ಲ್ಯಾಪ್‌ಟಾಪಿನೊಳಗೆ ತಗೊಂಡು ಹೋಗ್ತೀನಿ.”

ಆ ನಗು ಈಗಲೂ ಆಗಾಗ ಕಿವಿಗೆ ಬಂದು ತಾಗುತ್ತದೆ.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ವರ್ಚುವಲ್ ಮಶೀನ್ ಎಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರು. ಹಳೆಯ ಯಂತ್ರದ ಡಿಸ್ಕನ್ನು ಅಕ್ಷರಶಃ ಹಾಗೇ ಕಾಪಿ ಮಾಡಿಕೊಂಡು ಹೊಸ ಯಂತ್ರದಲ್ಲಿ ಕಿಟಕಿಯೊಂದನ್ನು ತೆರೆದು ಅದರಲ್ಲಿ ಓಡಿಸುತ್ತೇವೆ. ಒಳಗಿನ ತಂತ್ರಾಂಶಕ್ಕೆ ತಾನು ಬೇರೆ ಪೆಟ್ಟಿಗೆಗೆ ಬಂದಿದ್ದೇನೆ ಎಂಬುದೇ ತಿಳಿಯುವುದಿಲ್ಲ. ನಮ್ಮ ಆಫೀಸಿನ ಎಷ್ಟೋ ಯಂತ್ರಗಳು ಹೀಗೆಯೇ ಬದುಕಿವೆ. ಇದನ್ನು ಕಾಕುವಿಗೆ ವಿವರಿಸಿದಾಗ ಅವರು ಸ್ವಲ್ಪ ಯೋಚಿಸಿ, “ಬಸರಿ ಹೊಟ್ಟ್ಯಾಗ ಕೂಸು ಇದ್ಹಂಗ ಅನ್ನು,” ಎಂದರು. ನಾನು ಹೌದೆಂದೆ.

ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ನನ್ನ ನಿಯಮದಂತೆ ಮೊದಲು ಕಾಪಿ. ತಿಂಡಿಯ ಹೊತ್ತಿಗೆ ಶುರುವಾದದ್ದು ಊಟ ಮುಗಿದು ಕಾಕು ಒಂದು ನಿದ್ದೆ ತೆಗೆದು ಎದ್ದಾಗ ಮುಗಿಯಿತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿ, ಯಂತ್ರ ಮೊದಲಿನ ಹಾಗೇ ಏಳುವುದನ್ನು ನೋಡಿ ಹೊರಟೆ. ಅಹಮದಾಬಾದಿಗೆ ಬಂದು ಕಾಪಿಯನ್ನು ಮೂರು ಕಡೆ ಇಟ್ಟೆ. ಒಂದು ನನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಗೆಳೆಯನ ಮನೆಯಲ್ಲಿ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ.

ವರ್ಚುವಲ್ ಮಶೀನ್ ಮೊದಲ ಸಲಕ್ಕೇ ಎದ್ದಿತು. ಇಪ್ಪತ್ತೈದು ವರ್ಷದ ಹಿಂದಿನ ಆ ಶುರುವಿನ ಸಂಗೀತ ನಮ್ಮ ಹಜಾರದಲ್ಲಿ ಮೊಳಗಿದಾಗ ಹೆಂಡತಿಯೂ ಬಂದು ನಿಂತು ನೋಡಿದಳು. ಕಾಕುವಿನ ತಂತ್ರಾಂಶವನ್ನು ಒತ್ತಿದೆ. ಪರದೆಯ ಮೇಲೆ ಕನ್ನಡದಲ್ಲೇ ಬಂತು: ‘ಕೀಲಿ ಸಿಗಲಿಲ್ಲ. ಕೀಲಿಯನ್ನು ಜೋಡಿಸಿ ಮತ್ತೆ ಪ್ರಯತ್ನಿಸಿ.’

ಇದು ನಿರೀಕ್ಷಿಸಿದ್ದೇ. ಫೈಲುಗಳನ್ನು ಬೇರೆ ದಾರಿಯಿಂದ ತೆರೆದು ನೋಡಿದೆ. ಅಕ್ಷರವಲ್ಲ, ಬರೀ ಹೊಟ್ಟು. ಕದಿಯಬಾರದೆಂದು ಆ ಕಂಪನಿ ಬರಹವನ್ನೂ ಕಲಸಿ ಇಡುತ್ತಿತ್ತು. ಕೀಲಿಯೇ ಬೇಕು. ಮುಂದಿನ ಭಾನುವಾರ ಮತ್ತೆ ವಡೋದರಾಕ್ಕೆ ಹೋದೆ. ಕಾಕು ಕೀಲಿಯನ್ನು ತಾವೇ ಬಿಚ್ಚಿ, ಹತ್ತಿ ಹಾಸಿದ ಸಣ್ಣ ಸ್ಟೀಲ್ ಡಬ್ಬಿಯೊಳಗಿಟ್ಟು ಕೊಟ್ಟರು.

“ಎಂಟ ದಿನದಾಗ ತಂದ್ಕೊಡು ತಮ್ಮಾ. ದಿನಾ ಎರಡು ಪದಾ ಬರೀಲಿಲ್ಲಂದ್ರ ನನಗ ಉಂಡದ್ದು ಮೈಗೆ ಹತ್ತಂಗಿಲ್ಲ.”

“ಎಂಟು ದಿನ ಬೇಡ ಕಾಕು, ನಾಲ್ಕು ದಿನ ಸಾಕು.”

ಈಗಿನ ಕಂಪ್ಯೂಟರುಗಳಲ್ಲಿ ಆ ಅಗಲ ಕಿಂಡಿ ಇರುವುದಿಲ್ಲ. ಆಫೀಸಿನ ಗುಜರಿ ಕೋಣೆಯಲ್ಲಿ ಆ ಕಿಂಡಿಯಿರುವ ಯಂತ್ರವೊಂದು ಸಿಕ್ಕಿತು. ಕೇಳಿ ಪಡೆದು ಮನೆಗೆ ತಂದೆ. ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಕೂತೆ. ಯಂತ್ರ ಆರಿಸಿದ್ದಾಗಲೇ ಕೀಲಿ ಸಿಕ್ಕಿಸಿದೆ, ವರ್ಚುವಲ್ ಮಶೀನಿಗೆ ಆ ಕಿಂಡಿ ಕಾಣುವ ಹಾಗೆ ಮಾಡಿದೆ, ಹಚ್ಚಿದೆ. ತಂತ್ರಾಂಶ ತೆರೆಯಿತು. ‘ಹೊಸದಾಗಿ ಬಂದವರಿಗೆ’ ಎಂಬ ದಪ್ಪ ಅಕ್ಷರ ಕಂಡಾಗ ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿ ಬಂದೆ. ವಡೋದರಾಕ್ಕೆ ಫೋನ್ ಮಾಡಿ, “ಕೂಸು ಹುಟ್ಟಿತು ಕಾಕು” ಎಂದೆ. ಆ ಕಡೆಯಿಂದ ದೊಡ್ಡದಾಗಿ ನಗು ಕೇಳಿಸಿತು.

ಪ್ರಿಂಟ್ ಕೊಟ್ಟರೆ ಹಾಳೆಯ ಬದಲು ಫೈಲಾಗಿ ಉಳಿಯುವ ಹಾಗೆ ಮಾಡಿಕೊಂಡಿದ್ದೆ. ತಂತ್ರಾಂಶ ಒಂದು ಸಲಕ್ಕೆ ಒಂದೇ ಪುಟ ಬಿಡುತ್ತಿತ್ತು. ಒಂದನೆಯ ಪುಟದಿಂದ ಶುರು ಮಾಡಿದೆ. ಮೊದಲ ಪುಟಗಳು ಹೇಗೂ ಹಳೆಯ ಜೆರಾಕ್ಸಿನಲ್ಲಿವೆ, ಕೊನೆಯಿಂದ ಶುರು ಮಾಡೋಣ ಎಂದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಅವಸರವೇ ಇರಲಿಲ್ಲವಲ್ಲ. ಚಹಾ ಕುಡಿಯುತ್ತ, ನಡುನಡುವೆ ಓದುತ್ತ, ನಗುತ್ತ ಹೋದೆ. ನಲವತ್ತಮೂರನೇ ಪುಟ ಮುಗಿಯಿತು. ನಲವತ್ತನಾಲ್ಕಕ್ಕೆ ಎಲ್ಲ ಹಾಗೇ ನಿಂತುಬಿಟ್ಟಿತು. ಬಾಣದ ಗುರುತೂ ಅಲುಗಲಿಲ್ಲ.

ಹೆಂಡತಿ ಒಳಗಿನಿಂದ ಊಟಕ್ಕೆ ಕರೆದಳು. “ಬಂದೆ” ಎಂದೆ. ಎಂದವನೇ ಕೈ ಚಾಚಿ, ಪೆನ್‌ಡ್ರೈವ್ ಕಿತ್ತು ಮತ್ತೆ ಸಿಕ್ಕಿಸುವ ಹಾಗೆ, ಓಡುತ್ತಿದ್ದ ಯಂತ್ರದಿಂದ ಕೀಲಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆ.

ಆರಿಸಲಿಲ್ಲ. ಹತ್ತು ಎಣಿಸಲಿಲ್ಲ. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು ನಾನು ಮಾಡಲಿಲ್ಲ. ಹಳೆಯ ಆ ಕಿಂಡಿ ಪೆನ್‌ಡ್ರೈವಿನ ಕಿಂಡಿಯಂತಲ್ಲ, ಕರೆಂಟು ಹರಿಯುವಾಗ ಕಿತ್ತರೆ ಒಳಗಿನದು ಸುಟ್ಟುಹೋಗಬಹುದು. ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

‘ಕೀಲಿ ಸಿಗಲಿಲ್ಲ.’

ಆಮೇಲೆ ಆರಿಸಿದೆ. ಹತ್ತಲ್ಲ, ನೂರು ಎಣಿಸಿದೆ. ಹಚ್ಚಿದೆ. ಕೀಲಿ ಸಿಗಲಿಲ್ಲ. ಪಿನ್ನುಗಳನ್ನು ಒರೆಸಿದೆ. ಬೇರೆ ಯಂತ್ರ ಹುಡುಕಿ ಸಿಕ್ಕಿಸಿದೆ. ಎರಡು ದಿನ ಬಿಟ್ಟು ನೋಡಿದೆ, ಅದೇನು ಜ್ವರವೇ ಇಳಿಯಲು? ಅಹಮದಾಬಾದಿನ ಹಳೇ ಪೇಟೆಯಲ್ಲಿ ಇಂಥ ಸಣ್ಣ ಸರ್ಕ್ಯೂಟು ಬೆಸೆಯುವ ಒಬ್ಬರಿದ್ದಾರೆ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿ ಕೆಲಸ ಮಾಡುವವರು. ಅವರು ಪ್ಲಾಸ್ಟಿಕ್ ಬಿಚ್ಚಿದರು. ಒಳಗೆಲ್ಲ ಕಪ್ಪು ರಾಳ ಹೊಯ್ದು ಗಟ್ಟಿ ಮಾಡಿದ್ದರು. ಯಾರೂ ನೋಡಬಾರದೆಂದು ಮಾಡಿದ್ದು. ತಂತಿಗಳ ತುದಿಗೆ ಮೀಟರ್ ಹಿಡಿದು ನೋಡಿ ನನ್ನ ಕೈಗೆ ವಾಪಸು ಇಟ್ಟರು.

“ಆ ತೋ ಪತೀ ಗಯುಂ, ಸಾಹೇಬ್.” ಇದು ಮುಗಿದುಹೋಯಿತು.

ತಂತ್ರಾಂಶದ ಕೈಪಿಡಿಯಲ್ಲಿದ್ದ ಕಂಪನಿಯ ಫೋನ್ ನಂಬರಿಗೆ ಹಚ್ಚಿದೆ. ಯಾರದೋ ಮನೆ. ಒಬ್ಬ ಹೆಂಗಸು ಎತ್ತಿ, “ಅಂಥ ಕಂಪನಿ ಇಲ್ಲಿ ಇಲ್ಲಪ್ಪ, ಮೊದ್ಲೂ ಒಂದಿಬ್ಬರು ಕೇಳಿದ್ರು” ಎಂದರು. ಆ ಒಂದಿಬ್ಬರು ಯಾರಿರಬಹುದು ಎಂದು ಈಗಲೂ ಯೋಚಿಸುತ್ತೇನೆ. ಬೀಗ ಒಡೆಯುವುದರಲ್ಲಿ ನುರಿತ ಗೆಳೆಯನೊಬ್ಬನಿಗೆ ಕಾಪಿ ಕಳಿಸಿದೆ. ಅವನು ಒಂದು ತಿಂಗಳು ಕೂತ. “ಬಾಗಿಲು ಒಡೆದೆ ಕಣೋ,” ಎಂದ. “ತಂತ್ರಾಂಶ ತೆರೆಯುತ್ತೆ. ಆದ್ರೆ ಬರಹ ಬಿಡಿಸೋ ಸಂಖ್ಯೆ ಆ ಕೀಲಿಯೊಳಗೇ ಇತ್ತು. ಅದಿಲ್ಲದೆ ಹೊಟ್ಟು ಹೊಟ್ಟಾಗೇ ಇರುತ್ತೆ. ಸಾರಿ.”

ಇದೆಲ್ಲ ನಡೆಯುವಾಗ ಕಾಕುವಿಗೆ ಫೋನಿನಲ್ಲಿ ‘ಇನ್ನೂ ಸ್ವಲ್ಪ ಕೆಲಸ ಇದೆ’ ಎನ್ನುತ್ತಿದ್ದೆ. ನಾಲ್ಕು ದಿನ ಎಂದವನು ಏಳು ವಾರ ತಳ್ಳಿದ್ದೆ. ಒಂದೇ ಒಂದು ಸಲ ಅವರು, “ಕೀಲಿ ಒಂದು ಮಧ್ಯಾಹ್ನದ ಮಟ್ಟಿಗಾರ ಕೊಟ್ಟು ಹೋಗ್ತಿ ಏನು? ಹದಿನೈದು ಪದಾ ಬಾಯಾಗಽ ಕುಂತಾವ,” ಎಂದು ಕೇಳಿದರು. ಅಂದೇ ಹೇಳಬೇಕಿತ್ತು. ಹೇಳಲಾಗಲಿಲ್ಲ.

ಕೊನೆಗೊಂದು ಭಾನುವಾರ ಡಬ್ಬಿ ಹಿಡಿದು ಹೋದೆ. ಕಾಕು ಬಾಗಿಲಲ್ಲೇ ಇದ್ದರು.

“ಉಂಡು ಬಂದಿ ಏನು?”

“ಕಾಕು, ಕೀಲಿ ಸುಟ್ಟುಹೋಯ್ತು. ನನ್ನ ಕೈಯಿಂದ.”

ಅವರಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಯಂತ್ರದ ಹೊದಿಕೆ ತೆಗೆದು ಮಡಿಸಿಟ್ಟರು. ಡಬ್ಬಿಯಿಂದ ಕೀಲಿ ತೆಗೆದು ಬೆರಳಿನಲ್ಲೇ ಕಿಂಡಿ ಹುಡುಕಿ ಸಿಕ್ಕಿಸಿದರು. ಏಳು ನಿಮಿಷ ಇಬ್ಬರೂ ಕೂತಿದ್ದೆವು. ಬಂದ ಸಾಲನ್ನು ಅವರು ತಲೆ ಓರೆ ಮಾಡಿ ಓದಿದರು.

“ಇನ್ನೊಮ್ಮೆ ಮಾಡೂಣು,” ಎಂದರು.

ಇನ್ನೊಮ್ಮೆ ಮಾಡಿದೆವು. ಮತ್ತೊಮ್ಮೆಯೂ. ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ನಾನು ತಡೆಯಲಿಲ್ಲ. ಮೂರನೆಯ ಸಲ ಅವರೇ ಸ್ವಿಚ್ ಆರಿಸಿದರು.

“ಬರದದ್ದು ಒಳಗ ಐತಿಲ್ಲೋ?”

“ಇದೆ ಕಾಕು.”

“ಎಲ್ಲಾನೂ?”

“ಎಲ್ಲಾನೂ. ಮೂರು ಕಡೆ ಕಾಪಿ ಇದೆ.”

“ಹಂಗಾರ ಕಳದಿಲ್ಲ.”

“ಕಳೆದಿಲ್ಲ.”

“ಓದಾಕ ಬರಂಗಿಲ್ಲ, ಅಷ್ಟ.”

ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಅಡುಗೆಮನೆಗೆ ಹೋದರು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಬಹಳ ಹೊತ್ತು ಬಡಿದರು, ಇಬ್ಬರಿಗೆ ಬೇಕಾದದ್ದಕ್ಕಿಂತ ಹೆಚ್ಚು. ಊಟಕ್ಕೆ ಕೂತಾಗ ಪಲ್ಯ ಬಡಿಸುತ್ತ, “ನಿನಗೇನೂ ಅಂದಿಲ್ಲ ನಾ. ತಿನ್ನು,” ಎಂದರು. ಬಡಿಸಿದ್ದನ್ನೆಲ್ಲ ತಿಂದೆ.

ಮಗಳಿಗೆ ಫೋನಿನಲ್ಲಿ ಹೇಳಿದೆ. “ಓಕೆ ಭಾಯ್. ಮಮ್ಮಿ ಊಟ ಮಾಡಿದ್ರಾ?” ಎಂದಷ್ಟೇ ಕೇಳಿದರು. ಫೋಟೋದ ಮಾತನ್ನು ಅವರು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ಆಮೇಲೆ ನನ್ನ ಕೈಲಾದದ್ದನ್ನು ಮಾಡಿದೆ. ಕೈಲಾದದ್ದು ಸ್ವಲ್ಪವೇ ಇತ್ತು. ನಲವತ್ತಮೂರು ಪುಟಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಟ್ಟೆ. ಕಾಕುವಿನ ಹಾಳೆಗಳನ್ನು ಯಾವತ್ತಾದರೂ ಪಡೆದವರು ಕಳಿಸಿಕೊಡಿ ಎಂದು ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಬರೆದೆ. ಬಹಳ ಜನ ಕಳಿಸಿದರು. ವರ್ಗವಾಗಿ ಭೋಪಾಲಕ್ಕೆ, ಮೈಸೂರಿಗೆ ಹೋದವರೂ ಹುಡುಕಿ ಕಳಿಸಿದರು. ಎಲ್ಲವೂ ಅದೇ ಹನ್ನೊಂದು ಹಾಳೆ. ಒಂದರ ಮೇಲೆ ಎಣ್ಣೆಯ ಕಲೆ, ಒಂದರ ಅಂಚಿನಲ್ಲಿ ಹಾಲಿನವನ ನಂಬರು, ಒಂದರ ಹಿಂದೆ ಮಗುವಿನ ಗೀಚು. ಪ್ರತಿ ಸಲ ಫೋನು ಸದ್ದು ಮಾಡಿದಾಗಲೂ ಹನ್ನೆರಡನೆಯ ಹಾಳೆ ಇರಬಹುದೇ ಎಂದು ತೆರೆಯುತ್ತಿದ್ದೆ.

ಕಣ್ಣು ಇನ್ನಷ್ಟು ಮಸುಕಾದ ಮೇಲೆ ಮಗಳು ಕಾಕುವನ್ನು ಅಡಾಜಣ್‌ಗೆ ಕರೆದುಕೊಂಡು ಹೋದರು. ಯಂತ್ರವನ್ನೂ ಒಯ್ದರು, ಕಾಕು ಬಿಟ್ಟು ಬರಲು ಒಪ್ಪಲಿಲ್ಲ. ಅಲ್ಲಿ ಒಂದು ದಿನ ಮಗಳೇ ಹೊಸ ನೋಟ್‌ಬುಕ್ ತಂದು ತಾಯಿಯ ಮುಂದೆ ಕೂತರಂತೆ. “ಮಮ್ಮಿ, ನೀನು ಬೋಲು. ನಾನು ಬರೀತೀನಿ.” ಅವರಿಗೆ ಕನ್ನಡ ಬರೆಯಲು ಬಾರದಲ್ಲ. ಕನ್ನಡ ಪದಗಳನ್ನೇ ಗುಜರಾತಿ ಲಿಪಿಯಲ್ಲಿ ಬರೆದುಕೊಂಡರು.

ತಿಂಗಳಿಗೊಮ್ಮೆ ಭಾನುವಾರ ನಾನು ಸೂರತ್‌ಗೆ ಹೋಗಿ ಆ ನೋಟ್‌ಬುಕ್ ನೋಡಿಕೊಂಡು ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಗುಜರಾತಿ ಲಿಪಿಯನ್ನು ಈಗ ನಿಧಾನವಾಗಿ ಓದುತ್ತೇನೆ. ತೊಡಕೇನೆಂದರೆ ಆ ಲಿಪಿಯಲ್ಲಿ ‘ಎ’ಗೂ ‘ಏ’ಗೂ, ‘ಒ’ಗೂ ‘ಓ’ಗೂ ಭೇದವಿಲ್ಲ. “ಇದು ಬೆಳೆಯೋ ಬೇಳೆಯೋ ಮೇಡಂ?” ಎಂದು ಕೇಳಿದರೆ ಮಗಳು ತಾಯಿಯ ಕಡೆ ನೋಡುತ್ತಾರೆ. “ಡಬ್ಬ್ಯಾಗ ಇರೂದು ಬ್ಯಾಳಿ, ಹೊಲದಾಗ ಇರೂದು ಬೆಳಿ,” ಎಂದು ಕಾಕು ಇಬ್ಬರಿಗೂ ಒಟ್ಟಿಗೆ ಪಾಠ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಸ್ವಲ್ಪ ನಗುವೂ ಇರುತ್ತದೆ. ಅಡುಗೆಮನೆ, ಸಂತೆ, ಬಸ್ಸು ಇವೆಲ್ಲ ಮತ್ತೆ ಹುಟ್ಟಿದವು. ‘ಡಾಕ್ಟರ ಮುಂದೆ’ ಎಂಬ ಭಾಗಕ್ಕೆ ಬಂದಾಗ ಕಾಕು ನಿಂತುಬಿಟ್ಟರು. ಅಲ್ಲಿನ ಎಷ್ಟೋ ಪದಗಳನ್ನು ಒಂದೇ ಒಂದು ಸಲ, ಒಬ್ಬರೇ ಒಬ್ಬರ ಬಾಯಿಂದ ಕೇಳಿ ಬರೆದಿದ್ದರು.

ಕಳೆದ ಸಲ ಹೋದಾಗ ಒಂದು ಪದ ಬೆಳಗಿನಿಂದ ಅವರನ್ನು ಕಾಡುತ್ತಿತ್ತು. ಒಮ್ಮೆ ರೈಲಿನಲ್ಲಿ ಸೂರತ್‌ನ ವರಾಛಾದ ವಜ್ರ ಉಜ್ಜುವ ಕಾರ್ಖಾನೆಯ ಹೆಂಗಸೊಬ್ಬಳು ಎದುರಿಗೆ ಕೂತಿದ್ದಳಂತೆ. ದಿನವಿಡೀ ಚಕ್ರದ ಮೇಲೆ ಬಗ್ಗಿ ಕತ್ತಿನ ಹಿಂದೆ, ಭುಜದ ಸಂದಿನಲ್ಲಿ ಬರುವ ನೋವಿಗೆ ಅವಳು ಒಂದು ಪದ ಹೇಳಿದ್ದಳು.

“ಅಕಿ ಹಸರ ಸೀರಿ ಉಟ್ಟಿದ್ಲು. ಥೇಪಲಾ ರೊಟ್ಟಿ ಕೊಟ್ಲು, ಮ್ಯಾಲೆ ಛುಂದೋ ಉಪ್ಪಿನಕಾಯಿ. ಆಣಂದ್ ಸ್ಟೇಷನ್ ಬಂತು, ಆವಾಗ ಹೇಳಿದ್ಲು,” ಎಂದರು ಕಾಕು. “ಎಲ್ಲಾ ನೆನಪೈತಿ. ಆ ಮಾತೊಂದಽ ಬರವಲ್ದು. ನಿನ್ನ ಪೆಟಿಗ್ಯಾಗ ಐತಲ್ಲ ಅದು?”

“ಇದೆ ಕಾಕು.”

“ಬಲಗಡೆ, ಪುಟದ ಕೆಳಗಿನಿಂದ ಮೂರನೇ ಸಾಲು.”

ಆಫೀಸಿನಲ್ಲಿ ಈಗ ಹೊಸಬರಿಗೆ ಒಂದು ಮಾತು ಸೇರಿಸಿ ಹೇಳುತ್ತೇನೆ: ತೆರೆದು ಓದಿ ನೋಡದ ಕಾಪಿ ಕಾಪಿಯೇ ಅಲ್ಲ, ಮೂರಿರಲಿ ಮೂವತ್ತಿರಲಿ. ಅವರು ಬರೆದುಕೊಳ್ಳುತ್ತಾರೆ. ಕಾಕುವಿನ ಎದುರು ಆ ಜಾಣತನದಿಂದ ಏನೂ ಆಗುವುದಿಲ್ಲ.

ಅಲ್ಲಿ ಕೂತಿರಲಾರದೆ ಆಟೋ ಹಿಡಿದು ತಾಪಿ ನದಿ ದಾಟಿ ವರಾಛಾಕ್ಕೆ ಹೋದೆ. ಭಾನುವಾರವಾದರೂ ಕೆಲವು ಕಾರ್ಖಾನೆ ತೆರೆದಿದ್ದವು. ಒಂದರ ಮುಂದೆ ಚಹಾದ ಗಾಡಿಯ ಬಳಿ ಮೂವರು ಹೆಂಗಸರು ನಿಂತಿದ್ದರು. ನನ್ನ ಹರಕು ಗುಜರಾತಿಯಲ್ಲಿ ಕತ್ತು ಮುಟ್ಟಿ, ಭುಜ ಮುಟ್ಟಿ, ಈ ನೋವಿಗೆ ನೀವು ಏನಂತೀರಿ ಎಂದು ಕೇಳಿದೆ. ಮೊದಲು ನನ್ನನ್ನು ಗುಮಾನಿಯಿಂದ ನೋಡಿದರು. ಒಬ್ಬ ತಾಯಿಯ ಪುಸ್ತಕಕ್ಕೆ ಎಂದು ಹೇಳಿದ ಮೇಲೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹಿರಿಯಳು ನಕ್ಕಳು.

“ದುಃಖೇ ಛೇ. ಬೀಜುಂ ಶುಂ ಕಹೀಯೇ?” ನೋಯುತ್ತದೆ ಅಂತೀವಿ, ಇನ್ನೇನು ಅನ್ನೋದು?

ಮತ್ತೊಂದು ಕಾರ್ಖಾನೆಯ ಮುಂದೆಯೂ ಕೇಳಿದೆ. ಅಲ್ಲಿ ನಿಂತಿದ್ದ ಗಂಡಸು, ಡಾಕ್ಟರ್ ಬೇಕಾ ಎಂದು ವಿಚಾರಿಸಿದ. ವಾಪಸು ಅಡಾಜಣ್‌ಗೆ ಬಂದು ಕಾಕುವಿಗೆ ಹೇಳಿದೆ. ಅವರು ಬಾಲ್ಕನಿಯ ಕುರ್ಚಿಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಹಿಡಿದು ಆ ಪದವನ್ನು ಹುಡುಕುತ್ತಿದ್ದರು.

“ದುಃಖೇ ಛೇ ಅಂತಾರಂತೆ ಕಾಕು.”

“ಅಲ್ಲ,” ಎಂದರು. “ಅಕಿ ಬ್ಯಾರೆ ಏನೋ ಅಂದಿದ್ಲು.”

ಮಗಳು ಪೆನ್ನು ಹಿಡಿದು ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಎಡಗಡೆ ‘ಕತ್ತು ಹಿಡಿಯುವುದು’ ಎಂದು ಗುಜರಾತಿ ಲಿಪಿಯಲ್ಲಿ ಬರೆದು, ಬಲಗಡೆ ಒಂದು ಗೆರೆ ಎಳೆದು ಜಾಗ ಬಿಟ್ಟರು. ಆ ಪುಟದಲ್ಲಿ ಅಂಥ ಗೆರೆಗಳು ಆಗಲೇ ಆರು ಇದ್ದವು.

“ಮುಂದಿನದು ಹೇಳು ಮಮ್ಮಿ,” ಎಂದರು.